ನಾನು ಮಾಡಿದ ಕೆಲಸವನ್ನ ಒಂದು ಹಾಳೆಯಲ್ಲಿ ಬರೆದುಕೊಡಿ: ಕೊಪ್ಪಳ, ಬಳ್ಳಾರಿ ಭಾಗದ ಕಾರ್ಖಾನೆಗಳ ಎಚ್‌ಆರ್‌ನವರಿಗೆ ಒಂದು ಬಹಿರಂಗ ಪತ್ರ

ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಕಾರ್ಖಾನೆಗಳ ಎಚ್‌ಆರ್ ಮ್ಯಾನೇಜರ್‌ಗಳಿಗೆ, ಆ ಕಾರ್ಖಾನೆಗಳಿಗೆ ಜನ ಒದಗಿಸುವ ಗುತ್ತಿಗೆದಾರರಿಗೆ, ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಮತ್ತು ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನನ್ನ ಮುಂದೆ ಮೇಜಿನ ಮೇಲೆ ಮೂರು ಗೇಟ್ ಪಾಸ್ ಇವೆ. ಒಂದು ನೀಲಿ, ಒಂದು ಹಳದಿ, ಒಂದು ಬಿಳಿ. ಮೂರರಲ್ಲೂ ಒಂದೇ ಫೋಟೋ, 2016ರಲ್ಲಿ ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರ ತೆಗೆಸಿದ್ದು. ಮೂರರಲ್ಲೂ ಕಾರ್ಖಾನೆ ಒಂದೇ, ಗೇಟ್ ಒಂದೇ, ವಿಭಾಗವೂ ಒಂದೇ: ಮೆಕ್ಯಾನಿಕಲ್ ಮೇಂಟೆನೆನ್ಸ್. ಬೇರೆ ಇರುವುದು ಗುತ್ತಿಗೆದಾರನ ಹೆಸರು ಮಾತ್ರ. ನನ್ನ ನಾಲ್ಕು ವರ್ಷ ಎಂಟು ತಿಂಗಳ ದುಡಿಮೆ ಈ ಮೂರು ಕಾರ್ಡ್‌ಗಳಲ್ಲಿದೆ. ಇವನ್ನ ಬಿಟ್ಟರೆ ಆ ದುಡಿಮೆಗೆ ನನ್ನ ಹತ್ತಿರ ಬೇರೆ ಸಾಕ್ಷಿ ಅಂತ ಹೆಚ್ಚೇನೂ ಇಲ್ಲ.

ನಾನು ಕೊಪ್ಪಳ ತಾಲ್ಲೂಕಿನವನು. ಮೆಕ್ಯಾನಿಕಲ್ ಎಂಜಿನಿಯರ್. ಒಂದೂವರೆ ವರ್ಷದಿಂದ ಆಸ್ಟ್ರೇಲಿಯಾದ ಸ್ಕಿಲ್ಡ್ ಮೈಗ್ರೇಷನ್ ವೀಸಾಕ್ಕೆ ಅರ್ಜಿ ಹಾಕುವ ಓಡಾಟದಲ್ಲಿದ್ದೇನೆ. ಇಂಗ್ಲಿಷ್ ಪರೀಕ್ಷೆಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬಂದೆ, ಎರಡನೇ ಸಲಕ್ಕೆ ನಾಲ್ಕೂ ವಿಭಾಗದಲ್ಲಿ 7 ಬಂತು. ಡಿಗ್ರಿ ಕಾಗದಗಳನ್ನ ಒಟ್ಟು ಮಾಡಿದೆ. ದುಡ್ಡು ಹೇಗೋ ಹೊಂದಿಸಿಕೊಂಡೆವು. ಆಸ್ಟ್ರೇಲಿಯಾದವರು ಕಠಿಣವಾದದ್ದು ಏನೋ ಕೇಳುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತೇನೆ ಅಂತ ಅಂದುಕೊಂಡಿದ್ದೆ. ಸಿಕ್ಕಿಬಿದ್ದಿದ್ದು ನಮ್ಮ ಮನೆಯಿಂದ ಎಂಟು ಕಿಲೋಮೀಟರ್ ದೂರದಲ್ಲಿ, ಒಂದು ಎಚ್‌ಆರ್ ಆಫೀಸಿನ ಕಿಟಕಿ ಮುಂದೆ.

ನನಗೆ ಬೇಕಿದ್ದದ್ದು ಒಂದು ಹಾಳೆ. ಕಂಪನಿಯ ಲೆಟರ್‌ಹೆಡ್ ಮೇಲೆ, ನಾನು ಯಾವ ಹುದ್ದೆಯಲ್ಲಿದ್ದೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಮುಖ್ಯವಾಗಿ ದಿನಾ ಏನು ಕೆಲಸ ಮಾಡುತ್ತಿದ್ದೆ ಅಂತ ಬರೆದು, ಕೆಳಗೆ ಸಹಿ ಮಾಡಿದವರ ಹೆಸರು, ಹುದ್ದೆ, ಫೋನ್ ನಂಬರ್ ಇರಬೇಕು. ಅಷ್ಟೇ. ನನ್ನನ್ನ ಹೊಗಳಿ ಬರೆಯಿರಿ ಅಂತ ನಾನು ಕೇಳಿಲ್ಲ. ಮಾಡದ ಕೆಲಸ ಸೇರಿಸಿ ಅಂತಲೂ ಕೇಳಿಲ್ಲ.

ಈ ಒಂದು ಹಾಳೆ ಯಾಕೆ ಅಷ್ಟು ಮುಖ್ಯ ಅಂತ ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿರಲಿಕ್ಕಿಲ್ಲ. ಅದನ್ನ ಬಿಡಿಸಿ ಹೇಳುತ್ತೇನೆ. ಆಸ್ಟ್ರೇಲಿಯಾದ ಈ ವೀಸಾಗಳು ಅಂಕಗಳ ಮೇಲೆ ನಿಂತಿವೆ. ಕನಿಷ್ಠ 65 ಅಂಕ ಇಲ್ಲದೆ ಬಾಗಿಲ ಹತ್ತಿರವೂ ಹೋಗುವ ಹಾಗಿಲ್ಲ. 65 ಇದ್ದರೂ ಕರೆ ಬಂದೇ ಬರುತ್ತದೆ ಅಂತ ಇಲ್ಲ, ಜಾಸ್ತಿ ಅಂಕ ಇದ್ದವರನ್ನ ಮೊದಲು ಕರೆಯುತ್ತಾರೆ. ವಯಸ್ಸು 25ರಿಂದ 32ರ ಒಳಗಿದ್ದರೆ 30 ಅಂಕ. 33 ತುಂಬಿದ ದಿನ ಅದು 25ಕ್ಕೆ ಇಳಿಯುತ್ತದೆ. ಬಿ.ಇ. ಡಿಗ್ರಿಗೆ 15. ಇಂಗ್ಲಿಷ್‌ನಲ್ಲಿ ನಾಲ್ಕಕ್ಕೂ 7 ಬಂದರೆ 10. ಹೆಂಡತಿಗೆ ಸಾಕಷ್ಟು ಇಂಗ್ಲಿಷ್ ಇದ್ದರೆ 5. ಹೊರದೇಶದಲ್ಲಿ ಮಾಡಿದ ಕೆಲಸಕ್ಕೆ, ಅಂದರೆ ನಮ್ಮ ಮಟ್ಟಿಗೆ ಇಲ್ಲಿ ಮಾಡಿದ ಕೆಲಸಕ್ಕೆ, 3 ವರ್ಷ ಇದ್ದರೆ 5, 5 ವರ್ಷ ಇದ್ದರೆ 10, 8 ವರ್ಷ ಇದ್ದರೆ 15.

ಈಗ ನನ್ನ ಲೆಕ್ಕ ನೋಡಿ. 2016ರಿಂದ 2021ರ ತನಕ ಗುತ್ತಿಗೆದಾರರ ಕೈಕೆಳಗೆ ದುಡಿದೆ. 2021ರ ಏಪ್ರಿಲ್‌ನಿಂದ ಇನ್ನೊಂದು ಕಾರ್ಖಾನೆಯಲ್ಲಿ ಕಂಪನಿಯ ರೋಲ್‌ನಲ್ಲೇ, ಅಂದರೆ ಕಂಪನಿಯ ಸ್ವಂತ ನೌಕರನಾಗಿ ಇದ್ದೇನೆ. ಎರಡೂ ಸೇರಿಸಿದರೆ 2024ರ ಕೊನೆಗೇ 8 ವರ್ಷ ದಾಟಿತ್ತು. ಆಗ ನನಗೆ ಇನ್ನೂ 33 ತುಂಬಿರಲಿಲ್ಲ. ವಯಸ್ಸಿಗೆ 30, ಡಿಗ್ರಿಗೆ 15, ಇಂಗ್ಲಿಷ್‌ಗೆ 10, ಅನುಭವಕ್ಕೆ 15, ಹೆಂಡತಿಯ ಕಡೆಯಿಂದ 5. ಒಟ್ಟು 75. ಆದರೆ ಈಗಿನ ಕಾರ್ಖಾನೆಯ ಕಾಗದ ಕೈಗೆ ಬರುವಷ್ಟರಲ್ಲಿ 33 ತುಂಬಿಹೋಯಿತು, ಗುತ್ತಿಗೆಯ ವರ್ಷಗಳು ಲೆಕ್ಕಕ್ಕೇ ಬರಲಿಲ್ಲ. 25, 15, 10, 5, 5. ಅರವತ್ತು. 75 ಇದ್ದವನು 60ಕ್ಕೆ ಬಂದೆ. ನನ್ನ ಕೆಲಸ ಬದಲಾಗಲಿಲ್ಲ, ನನ್ನ ಕೈ ಬದಲಾಗಲಿಲ್ಲ. ಒಂದು ಹಾಳೆ ಬರಲಿಲ್ಲ ಅಷ್ಟೇ.

ಗುತ್ತಿಗೆಯ ಕಥೆ ಸ್ವಲ್ಪ ಹೇಳಲೇಬೇಕು. ಅಪ್ಪ ಕಾರ್ಖಾನೆಗೆ ಎರಡು ಎಕರೆ ಹೊಲ ಕೊಟ್ಟಾಗ ಮನೆಗೊಂದು ಕೆಲಸ ಅಂತ ಮಾತಾಗಿತ್ತು. ಕೆಲಸವೇನೋ ಬಂತು, ಆದರೆ ಗುತ್ತಿಗೆದಾರನ ಹೆಸರಿನಲ್ಲಿ ಬಂತು. ಬಿ.ಇ. ಮುಗಿಸಿ ಎರಡು ವರ್ಷ ಪಾಲಿಟೆಕ್ನಿಕ್‌ನಲ್ಲಿ ಅತಿಥಿ ಉಪನ್ಯಾಸಕನಾಗಿ ಇದ್ದ ನನಗೆ ಅದೇ ದೊಡ್ಡದು ಅನ್ನಿಸಿತ್ತು. ಗುತ್ತಿಗೆದಾರ ಯಾರಾದರೇನು, ಮೆಷಿನ್ ಅದೇ ಅಲ್ವಾ ಅಂತ. ಮೊದಲನೆಯವರು ಹೋದರು, ಎರಡನೆಯವರು ಬಂದರು, ಮೂರನೆಯವರು ಬಂದರು. ಮಾರ್ಚ್ 31ಕ್ಕೆ ಹಳೇ ಪಾಸ್ ಜಮಾ, ಏಪ್ರಿಲ್ 1ಕ್ಕೆ ಹೊಸ ಪಾಸ್. ಹಳೆಯದನ್ನ ಕಳೆದುಹೋಯಿತು ಅಂತ ಹೇಳಿ, 100 ರೂಪಾಯಿ ದಂಡ ಕಟ್ಟಿ ನಾನು ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆ ಅಂತ ಆಗ ಗೊತ್ತಿರಲಿಲ್ಲ.

ಅನುಭವ ಪತ್ರ ಕೇಳಲು ಹೋದಾಗ ಕಾರ್ಖಾನೆಯ ಎಚ್‌ಆರ್ ಹೇಳಿದ್ದು ಇಷ್ಟು: "ನೀವು ನಮ್ಮ ರೋಲ್‌ನಾಗ ಇರಲಿಲ್ಲಪ್ಪ, ಗುತ್ತಿಗೆದಾರರನ್ನ ಕೇಳ್ರಿ." ಸರಿ ಅಂತ ಹೊಸಪೇಟೆಗೆ ಹೋದೆ. ಮೊದಲನೇ ಗುತ್ತಿಗೆದಾರರ ಆಫೀಸ್ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಎರಡನೆಯವರು ಅನಂತಪುರದಲ್ಲಿ ಸಿಕ್ಕರು. ಒಳ್ಳೆಯ ಮನುಷ್ಯ, ಚಹಾ ಕುಡಿಸಿದರು, ಆದರೆ "ನಾವು ಜನ ಕಳಿಸಿದ್ವಿ, ಒಳಗ ನೀವು ಏನು ಕೆಲಸ ಮಾಡಿದ್ರಿ ಅಂತ ನಮಗೇನು ಗೊತ್ತು? ಅದನ್ನ ಕಾರ್ಖಾನೆಯವರೇ ಹೇಳಬೇಕು" ಅಂದರು. ಮೂರನೆಯವರು ಪತ್ರ ಕೊಟ್ಟರು. ಅದರಲ್ಲಿ ನನ್ನ ಹುದ್ದೆ 'ಫಿಟ್ಟರ್' ಅಂತ ಇತ್ತು. ಅವರ ರಿಜಿಸ್ಟರ್‌ನಲ್ಲಿ ಎಲ್ಲರೂ ಫಿಟ್ಟರ್ ಅಥವಾ ಹೆಲ್ಪರ್. ಬಿ.ಇ. ಆದವನೂ ಫಿಟ್ಟರ್, ಐಟಿಐ ಆದವನೂ ಫಿಟ್ಟರ್. ಫಿಟ್ಟರ್ ಕೆಲಸ ಕಮ್ಮಿ ಅಂತ ನಾನು ಹೇಳುತ್ತಿಲ್ಲ, ನನಗೆ ಕೆಲಸ ಕಲಿಸಿದವರೇ ಫಿಟ್ಟರ್‌ಗಳು. ಆದರೆ ವೀಸಾದ ಪಟ್ಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಒಂದು ಕೋಡ್, 233512. ಫಿಟ್ಟರ್ ಬೇರೆಯೇ ಕೋಡ್. ಮೌಲ್ಯಮಾಪನ ಮಾಡುವ ಸಂಸ್ಥೆಯೂ ಬೇರೆ. ಆ ಒಂದು ಪದದಿಂದ ನನ್ನ ಅರ್ಜಿಯ ದಾರಿಯೇ ತಪ್ಪುತ್ತದೆ.

ಪಿಎಫ್ ಇದೆಯಲ್ಲ, ಅದನ್ನ ತೋರಿಸು ಅಂತ ಗೆಳೆಯರು ಹೇಳಿದರು. ತೆಗೆದು ನೋಡಿದೆ. ಯುಎಎನ್, ಅಂದರೆ ನನ್ನ ಪಿಎಫ್ ನಂಬರ್, ಒಂದೇ, ಅದರ ಕೆಳಗೆ ಗುತ್ತಿಗೆದಾರರ ಹೆಸರಿನಲ್ಲಿ ಮೂರು ಮೆಂಬರ್ ಐಡಿ. ಒಬ್ಬರು ಏಳು ತಿಂಗಳು ಕಟ್ಟೇ ಇಲ್ಲ. ಪಿಎಫ್ ಪಾಸ್‌ಬುಕ್ ಸಂಬಳ ಬಂದದ್ದಕ್ಕೆ ಸಾಕ್ಷಿ ಆಗುತ್ತದೆ, ಏನು ಕೆಲಸ ಮಾಡಿದೆ ಅನ್ನುವುದಕ್ಕೆ ಆಗುವುದಿಲ್ಲ. ಜೊತೆಗೆ ಕೆಲಸ ಮಾಡಿದವರ ಅಫಿಡವಿಟ್ ಕೂಡ ಮಾಡಿಸಿದೆ, ಸ್ಟ್ಯಾಂಪ್ ಪೇಪರ್ ಮೇಲೆ, ನೋಟರಿ ಸಹಿ ಹಾಕಿಸಿ. ಲೆಟರ್‌ಹೆಡ್ ಮುಂದೆ ಅದರ ತೂಕ ಕಮ್ಮಿ.

ಇನ್ನೊಂದು ಮಾತು. ಎಂಜಿನಿಯರ್ಸ್ ಆಸ್ಟ್ರೇಲಿಯಾ ಅಂತ ಒಂದು ಸಂಸ್ಥೆ ಇದೆ. ನಮ್ಮಂಥವರ ಡಿಗ್ರಿ, ಅನುಭವ ಎರಡನ್ನೂ ಅಳೆಯುವವರು ಅವರು. ಎಂಜಿನಿಯರಿಂಗ್ ಡಿಗ್ರಿಗಳನ್ನ ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡ್‌ಗೆ ಭಾರತ 2014ರಲ್ಲಿ ಪೂರ್ಣ ಸದಸ್ಯ ಆಯಿತು, ಆದರೆ ಆ ಒಪ್ಪಂದದ ಲಾಭ ಸಿಗುವುದು ಎನ್‌ಬಿಎ (ತಾಂತ್ರಿಕ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ನಮ್ಮ ದೇಶದ ಮಂಡಳಿ) ಕೊಡುವ ಟಿಯರ್ 1 ಮಾನ್ಯತೆ ಇರುವ ಕೋರ್ಸ್‌ಗಳಿಗೆ ಮಾತ್ರ. ನಾನು ಓದಿದ್ದು ವಿಟಿಯು ಅಡಿಯ ಕಾಲೇಜು, ಅಲ್ಲಿ ಅದು ಇರಲಿಲ್ಲ. ಹಾಗಾಗಿ ಸಿಡಿಆರ್ ಅನ್ನುವ ದೊಡ್ಡ ವರದಿ ಬರೆಯಬೇಕು. ಅದರಲ್ಲಿ ಮೂರು 'ಕರಿಯರ್ ಎಪಿಸೋಡ್'. ನಾನೇ ಮಾಡಿದ ಮೂರು ಕೆಲಸಗಳನ್ನ, ನನ್ನದೇ ಮಾತಿನಲ್ಲಿ, ಒಂದೊಂದನ್ನೂ ಸಾವಿರ ಪದಕ್ಕಿಂತ ಜಾಸ್ತಿ ಬರೆಯಬೇಕು. ಮತ್ತೆ ಅದರಲ್ಲಿ 'ನಾವು ಮಾಡಿದೆವು' ಅಂತ ಬರೆಯುವ ಹಾಗಿಲ್ಲ. 'ನಾನು ಮಾಡಿದೆ' ಅಂತಲೇ ಇರಬೇಕು.

ಇದು ನನಗೆ ಬಹಳ ಕಷ್ಟ ಆಯಿತು. ನಮ್ಮ ಕಡೆ ನಾನು ಮಾಡಿದೆ, ನಾನು ಮಾಡಿದೆ ಅಂತ ಹೇಳಿಕೊಳ್ಳುವುದು ಒಳ್ಳೆಯ ಲಕ್ಷಣ ಅಲ್ಲ. ಶಿಫ್ಟ್‌ನಲ್ಲಿ ಏನಾದರೂ ಸರಿಹೋದರೆ ನಾವು ಸರಿಮಾಡಿದೆವು, ಕೆಟ್ಟರೆ ಮಾತ್ರ ಒಬ್ಬನ ಹೆಸರು ಬರುತ್ತದೆ. ಬರೆಯಲು ಕೂತಾಗ 2018ರ ಬೇಸಿಗೆ ನೆನಪಾಯಿತು. ಕಿಲ್ನ್‌ನ, ಅಂದರೆ ತಿರುಗುವ ದೊಡ್ಡ ಕುಲುಮೆಯ, ಬಿಸಿ ಹೊಗೆಯನ್ನ ಹೊರಗೆ ಎಳೆಯುವ ಐಡಿ ಫ್ಯಾನ್ ನಡುಗಲು ಶುರುವಾಗಿತ್ತು. ಪಕ್ಕದಲ್ಲಿ ನಿಂತರೆ ಕಾಲ ಕೆಳಗಿನ ಗ್ರೇಟಿಂಗ್ ಅದುರುತ್ತಿತ್ತು. ಫ್ಯಾನ್ ನಿಲ್ಲಿಸಿದರೆ ಉತ್ಪಾದನೆ ನಿಲ್ಲುತ್ತದೆ. ಕಿಲ್ನ್ ಬಿಸಿ ಇರುವಾಗ ಅದನ್ನ ಸುಮ್ನೆ ನಿಲ್ಲಿಸಲೂ ಆಗುವುದಿಲ್ಲ, ಆಕ್ಸಿಲರಿ ಡ್ರೈವ್ ಮೇಲೆ ನಿಧಾನಕ್ಕೆ ತಿರುಗಿಸುತ್ತಲೇ ಇರಬೇಕು, ಇಲ್ಲವಾದರೆ ಶೆಲ್ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ರಾತ್ರಿ ಹತ್ತಕ್ಕೆ ಶುರು ಮಾಡಿದ್ದು. ಬ್ಲೇಡ್ ಮೇಲೆ ಗಟ್ಟಿಯಾಗಿ ಕೂತಿದ್ದ ಧೂಳು ಕೆರೆದೆ. ಆದರೂ ನಡುಕ ಹೋಗಲಿಲ್ಲ, ಎರಡು ಬ್ಲೇಡ್ ಸವೆದಿದ್ದವು. ತೂಕ ಸರಿದೂಗಿಸಲು ಟ್ರಯಲ್ ವೇಟ್ ಕೂರಿಸಿ, ಓಡಿಸಿ, ರೀಡಿಂಗ್ ತೆಗೆದು, ನಿಲ್ಲಿಸಿ, ಲೆಕ್ಕ ಹಾಕಿ, ಜಾಗ ಬದಲಿಸಿ, ಮತ್ತೆ ಓಡಿಸಿ. ಬೆಳಗಿನ ಜಾವ ನಾಲ್ಕೂವರೆಗೆ ಸೆಕೆಂಡಿಗೆ 14 ಮಿಲಿಮೀಟರ್ ಇದ್ದ ವೈಬ್ರೇಷನ್ 3ಕ್ಕೆ ಇಳಿಯಿತು. ಆ ವೇಟ್ ಅನ್ನ ಎಲ್ಲಿ ಎಷ್ಟು ಗ್ರಾಂ ವೆಲ್ಡ್ ಮಾಡಿದೆ ಅಂತ ನನಗೆ ಇವತ್ತಿಗೂ ನೆನಪಿದೆ. ಲಾಗ್ ಬುಕ್‌ನಲ್ಲಿ ನನ್ನ ಕೈಬರಹದಲ್ಲೇ ಬರೆದಿದ್ದೇನೆ. ಆ ಪುಸ್ತಕ ನಿಮ್ಮ ಕಪಾಟಿನಲ್ಲಿ ಇದೆ. ಅದನ್ನ ಕೊಡಿ ಅಂತ ನಾನು ಕೇಳುವುದಿಲ್ಲ, ಅದು ಕಂಪನಿಯದು. ಅದನ್ನ ತೆರೆದು ನೋಡಿ ಹೌದು ಇವನು ಈ ಕೆಲಸ ಮಾಡಿದ್ದಾನೆ ಅಂತ ಒಂದು ಮಾತು ಬರೆಯಿರಿ ಅಂತ ಕೇಳುತ್ತಿದ್ದೇನೆ.

ನೀವು ಈ ಮಾತು ಬರೆಯದೇ ಇದ್ದಾಗ ಏನಾಗುತ್ತದೆ ಅಂತ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಈ ಪತ್ರ ಬರೆಯಲು ನಿಜವಾದ ಕಾರಣ ಇದು.

ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದ್ ಎಲ್ಲ ಕಡೆ ಕನ್ಸಲ್ಟೆನ್ಸಿಗಳು ಇವೆ. ಅದರಲ್ಲಿ ಒಳ್ಳೆಯವರೂ ಇರಬಹುದು. ನಾನು ಹೋದ ಒಂದು ಕಡೆ ನನ್ನ ಫೈಲ್ ನೋಡಿ, ಗುತ್ತಿಗೆಯ ವರ್ಷಗಳಿಗೆ ಪತ್ರ ಇಲ್ಲ ಅಂದ ಕೂಡಲೇ, ಏನೂ ತೊಂದರೆ ಇಲ್ಲ ಸರ್, ಲೆಟರ್ ನಾವೇ ಮಾಡಿಸಿ ಕೊಡುತ್ತೇವೆ ಅಂದರು. 40 ಸಾವಿರ. ಸಿಡಿಆರ್ ಕೂಡ ಬೇಕಾದರೆ ರೆಡಿ ಇದೆ, ಅದಕ್ಕೆ ಬೇರೆ ರೇಟ್. ನಾನು ಎದ್ದು ಬಂದೆ. ಬಸ್ಸಿನಲ್ಲಿ ಕೂತಾಗ ಮಾತ್ರ ಮನಸ್ಸು ತೂಗಿತು, ಸುಳ್ಳು ಹೇಳುವುದಿಲ್ಲ. ಮಾಡಿದ ಕೆಲಸವೇ ತಾನೆ, ಕಾಗದ ಮಾತ್ರ ಸುಳ್ಳು, ಅಷ್ಟಕ್ಕೆ ಏನಾದೀತು ಅನ್ನಿಸಿತು. ಗದಗ ದಾಟುವ ತನಕ ಅದೇ ಯೋಚನೆ.

ನನ್ನ ಜೊತೆ ಅದೇ ಗೇಟಿನಲ್ಲಿ ಐದು ವರ್ಷ ಒಳಗೆ ಹೋಗಿ ಹೊರಗೆ ಬಂದ ಒಬ್ಬ ಗೆಳೆಯ, ಸಿಂಧನೂರಿನ ಕಡೆಯವನು, ಎದ್ದು ಬರಲಿಲ್ಲ. ಅವನು ಪತ್ರ ಕೊಂಡ. ಅವನ ಅನುಭವ ನಿಜ, ನಾನೇ ಸಾಕ್ಷಿ. ಪತ್ರದ ಮೇಲಿದ್ದ ಕಂಪನಿ ಮಾತ್ರ ಅವನು ಒಂದು ದಿನವೂ ಕೆಲಸ ಮಾಡದ ಕಂಪನಿ. ವೀಸಾದವರು ಪರಿಶೀಲನೆಗೆ ಆ ಕಂಪನಿಗೆ ಫೋನ್ ಮಾಡಿದಾಗ ಅತ್ತ ಕಡೆಯವರಿಗೆ ಇವನ ಹೆಸರೇ ಗೊತ್ತಿರಲಿಲ್ಲ. ವಿವರಣೆ ಕೊಡು ಅಂತ ಮೇಲ್ ಬಂತು, ಕೊಡಲು ಏನಿದೆ? ವೀಸಾ ತಿರಸ್ಕಾರ ಆಯಿತು. ಆಸ್ಟ್ರೇಲಿಯಾದ ನಿಯಮದಲ್ಲಿ 4020 ಅಂತ ಒಂದು ಷರತ್ತು ಇದೆ. ಸುಳ್ಳು ದಾಖಲೆ ಕೊಟ್ಟಿದ್ದಾರೆ ಅಂತ ಕಂಡರೆ ಮೂರು ವರ್ಷ ವೀಸಾ ಸಿಗುವುದಿಲ್ಲ, ಗುರುತಿನ ವಿಷಯದಲ್ಲೇ ಸುಳ್ಳಿದ್ದರೆ ಹತ್ತು ವರ್ಷ. ಅರ್ಜಿಯ ಶುಲ್ಕವೇ 4,700 ಆಸ್ಟ್ರೇಲಿಯನ್ ಡಾಲರ್‌ಗಿಂತ ಜಾಸ್ತಿ, ನಮ್ಮ ಲೆಕ್ಕದಲ್ಲಿ ಎರಡೂವರೆ ಲಕ್ಷ ದಾಟುತ್ತದೆ. ತಿರಸ್ಕಾರ ಆದರೆ ಅದು ವಾಪಸ್ ಬರುವುದಿಲ್ಲ. ಅವನ ಅವ್ವ ಬೋರಮಾಳ ಸರ ಅಡ ಇಟ್ಟು ಕೊಟ್ಟ ದುಡ್ಡು ಅದು.

ತಪ್ಪು ಅವನದೇ. ಸುಳ್ಳು ಕಾಗದ ಕೊಡಬಾರದಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಿಗೆ ನಿಜವಾದ ಕಾಗದ ಸಿಕ್ಕಿದ್ದರೆ ಸುಳ್ಳು ಕಾಗದ ಕೊಳ್ಳುವ ಕೆಲಸ ಏನಿತ್ತು? ಇಂಥ ಪತ್ರ ಕೊಡುವ ಪಾಲಿಸಿ ಇಲ್ಲ ಅಂತ ನೀವು ಕಿಟಕಿ ಮುಚ್ಚಿದಾಗಲೆಲ್ಲ ಅಂಥ ಅಂಗಡಿಗೆ ಒಬ್ಬ ಗಿರಾಕಿ ಹೆಚ್ಚಾಗುತ್ತಾನೆ. ಇದನ್ನ ಸಿಟ್ಟಿನಿಂದ ಹೇಳುತ್ತಿಲ್ಲ. ನೀವು ಕಾಣದ ಆ ಇನ್ನೊಂದು ತುದಿಯನ್ನ ನಾನು ನೋಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಅರ್ಜಿ ಹಾಕುವ ಹುಡುಗರಿಗೂ ಇಲ್ಲೇ ಒಂದು ಮಾತು. ಆಸ್ಟ್ರೇಲಿಯಾ ಸರ್ಕಾರದ ಸ್ಕಿಲ್‌ಸೆಲೆಕ್ಟ್ ವೆಬ್‌ಸೈಟ್‌ನಲ್ಲಿ ಇಒಐ, ಅಂದರೆ ನನಗೆ ಆಸಕ್ತಿ ಇದೆ ಅಂತ ತಿಳಿಸುವ ಮೊದಲ ಅರ್ಜಿ, ಹಾಕಲು ಒಂದು ರೂಪಾಯಿ ಇಲ್ಲ, ಅದು ಉಚಿತ, ಎರಡು ವರ್ಷ ಚಾಲ್ತಿಯಲ್ಲಿ ಇರುತ್ತದೆ. ನೀವೇ ಹಾಕಬಹುದು. ಏಜೆಂಟ್ ಮೂಲಕ ಹಾಕಿದರೂ ಇಮೇಲ್ ಐಡಿ ನಿಮ್ಮದು ಇರಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲಿ ಇರಲಿ. ಕರೆ ಬಂದರೆ ಅರ್ಜಿ ಹಾಕಲು 60 ದಿನ ಮಾತ್ರ. ಏಜೆಂಟ್‌ನ ಇಮೇಲ್‌ಗೆ ಕರೆ ಬಂದು, ಅವನು ಬಾಕಿ ದುಡ್ಡು ಕೊಡುವ ತನಕ ಹೇಳದೆ ಇಟ್ಟುಕೊಂಡು, ಅರ್ಧ ದಿನಗಳು ಹಾಗೇ ಹೋದದ್ದನ್ನ ನೋಡಿದ್ದೇನೆ. ಇನ್ನು ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್, ಇವೆಲ್ಲ ತಾಪತ್ರಯ ಅಲ್ಲ. ದಾರಿ ಗೊತ್ತಿದ್ದರೆ ಆಗುತ್ತವೆ.

ವಯಸ್ಸಿನ ವಿಷಯ ಮೇಲೆ ಹೇಳಿದೆನಲ್ಲ, ಅದರಲ್ಲಿ ಒಂದು ನೋವು ಇದೆ. ನನ್ನ ಸರ್ಟಿಫಿಕೇಟ್‌ನಲ್ಲಿ ಹುಟ್ಟಿದ ದಿನ 1992ರ ಜೂನ್ 1. ನಮ್ಮ ಭಾಗದಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೆ. ಶಾಲೆಗೆ ಸೇರಿಸುವಾಗ ಹೆಡ್ ಮಾಸ್ತರರು ವಯಸ್ಸು ಕೂಡಲಿ ಅಂತ ಬರೆದದ್ದು. ಅವ್ವನನ್ನ ಕೇಳಿದರೆ ನಾನು ಹುಟ್ಟಿದ್ದು ಎಳ್ಳಮಾಸಿಯ ಮರುದಿನ, ಹೊಲದಲ್ಲಿ ಚರಗ ಚೆಲ್ಲಿ ಬಂದ ರಾತ್ರಿ ನೋವು ಶುರುವಾಯಿತು ಅಂತಾಳೆ. ಅಂದರೆ ಆರು ತಿಂಗಳಿಗಿಂತ ಜಾಸ್ತಿ ವ್ಯತ್ಯಾಸ. ಅದನ್ನ ಈಗ ಬದಲಿಸಲು ಹೋಗುವುದಿಲ್ಲ, ಎಲ್ಲ ದಾಖಲೆಯಲ್ಲೂ ಅದೇ ಇದೆ. ಮಾಸ್ತರರ ಮೇಲೆ ಸಿಟ್ಟೂ ಇಲ್ಲ, ಅವರು ನಾನು ಒಂದು ವರ್ಷ ಮೊದಲೇ ಓದಲಿ ಅಂತ ಬರೆದರು. ಆದರೆ ಕಂಪನಿಯ ರೋಲ್‌ನಲ್ಲಿದ್ದ ವರ್ಷಗಳ ಪತ್ರಕ್ಕೆ ನಾನು 2024ರ ಆಗಸ್ಟ್‌ನಲ್ಲಿ ಅರ್ಜಿ ಕೊಟ್ಟೆ. ಅದು ಕೈಗೆ ಬಂದದ್ದು 2025ರ ಜೂನ್‌ನಲ್ಲಿ. ಹತ್ತು ತಿಂಗಳು. ಆ ಹತ್ತು ತಿಂಗಳಲ್ಲಿ ಜೂನ್ 1 ಬಂದುಹೋಯಿತು.

ಆ ಹತ್ತು ತಿಂಗಳಲ್ಲಿ ಏನು ನಡೆಯಿತು ಅಂತಲೂ ಹೇಳುತ್ತೇನೆ. ಮೊದಲು ಎರಡು ಸಾಲಿನ ಪತ್ರ ಕೊಟ್ಟರು: ಇಂಥ ತಾರೀಖಿನಿಂದ ಕೆಲಸ ಮಾಡುತ್ತಿದ್ದಾರೆ, ನಡತೆ ಚೆನ್ನಾಗಿದೆ. ಕೆಲಸದ ವಿವರ ಬೇಕು ಅಂದಾಗ ಹೆಡ್ ಆಫೀಸಿಗೆ ಕಳಿಸಿದ್ದೇವೆ ಅಂದರು. ಆಮೇಲೆ ನನ್ನನ್ನ ಕರೆದು, ಬಿಟ್ಟು ಹೋಗುವವನಿಗೆ ಇನ್‌ಕ್ರಿಮೆಂಟ್ ಯಾಕೆ ಅಂತ ಕೇಳಿದರು. ಎರಡು ತಿಂಗಳು ಬರೀ ನೈಟ್ ಶಿಫ್ಟ್ ಬಂತು. ಮೇ ತಿಂಗಳಲ್ಲಿ ಮ್ಯಾನೇಜರ್ ಬದಲಾದರು. ಹೊಸಬರು ನನ್ನ ಡ್ರಾಫ್ಟ್ ತರಿಸಿಕೊಂಡು, ಮುಂದೆಯೇ ಕೂರಿಸಿಕೊಂಡು ಓದಿದರು. ಒಂದು ಕಡೆ "ಇದನ್ನ ನೀವು ಒಬ್ಬರೇ ಮಾಡಿಲ್ಲ ಅಲ್ವಾ" ಅಂತ ಕೇಳಿದರು. ಹೌದು ಸರ್ ಅಂತ ತಿದ್ದಿದೆ. ಮತ್ತೆ ಎರಡು ಪದ ಅವರೇ ತಿದ್ದಿದರು. ಪ್ರಿಂಟ್ ತೆಗೆಸಿ, ಸಹಿ ಮಾಡಿ, ಸೀಲ್ ಹಾಕಿ ಕೊಟ್ಟರು. ಇಪ್ಪತ್ತು ನಿಮಿಷ ಆಗಿರಬಹುದು. ಕೈಗೆ ತಗೊಂಡಾಗ ಕಣ್ಣು ತುಂಬಿಬಂತು. ಇಪ್ಪತ್ತು ನಿಮಿಷದ ಕೆಲಸಕ್ಕೆ ಹತ್ತು ತಿಂಗಳು ಯಾಕೆ ಬೇಕಾಯಿತು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಓದಿಕೊಂಡೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಗೆ 1971ರಲ್ಲಿ ಮಾಡಿದ ಕೇಂದ್ರ ನಿಯಮಗಳಲ್ಲೇ, ಕೆಲಸ ಮುಗಿದಾಗ ಗುತ್ತಿಗೆದಾರ ಸೇವಾ ಪ್ರಮಾಣಪತ್ರ ಕೊಡಬೇಕು ಅಂತ ಇತ್ತು. ಅದಕ್ಕೆ ಒಂದು ನಮೂನೆಯೂ ಇತ್ತು, ಫಾರ್ಮ್ 15. ಅದರಲ್ಲಿ 'ಮಾಡಿದ ಕೆಲಸದ ಸ್ವರೂಪ' ಅಂತ ಒಂದು ಕಾಲಂ. ಅಂದರೆ ಇದು ಐವತ್ತು ವರ್ಷದ ಹಳೆಯ ಮಾತು. ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಇರುವ 2020ರ ಸಂಹಿತೆಯಲ್ಲಿ, ಗುತ್ತಿಗೆ ಕಾರ್ಮಿಕ ಕೇಳಿದರೆ ಅವನು ಮಾಡಿದ ಕೆಲಸದ ವಿವರ ಇರುವ ಅನುಭವ ಪತ್ರವನ್ನ ಗುತ್ತಿಗೆದಾರ ಕೊಡಲೇಬೇಕು ಅಂತ ಇದೆ. ನೇಮಕಾತಿ ಪತ್ರವನ್ನೂ ಕೊಡಬೇಕು ಅಂತ ಇದೆ. ನಾನು ಇದನ್ನ ಹೇಳಿದಾಗ ಒಬ್ಬರು, ನೀನು ಸೂಪರ್‌ವೈಸರ್ ಲೆಕ್ಕ, ಕಾರ್ಮಿಕ ಅಲ್ಲ, ನಿನಗೆ ಇದು ಅನ್ವಯಿಸುವುದಿಲ್ಲ ಅಂದರು. ರಿಜಿಸ್ಟರ್‌ನಲ್ಲಿ ಫಿಟ್ಟರ್, ಕಾಗದ ಕೇಳಿದಾಗ ಸೂಪರ್‌ವೈಸರ್. ಎರಡರಲ್ಲಿ ಒಂದನ್ನಾದರೂ ಬರೆದುಕೊಡಿ ಅಂತ ನಾನು ಕೇಳಿದೆ. ಉತ್ತರ ಬರಲಿಲ್ಲ.

ಜಿಲ್ಲಾಧಿಕಾರಿಗಳೇ, ಕಾರ್ಮಿಕ ಅಧಿಕಾರಿಗಳೇ, ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಗುತ್ತಿಗೆದಾರ ಬರುತ್ತಾನೆ, ಹೋಗುತ್ತಾನೆ, ಆಫೀಸ್ ಮುಚ್ಚುತ್ತಾನೆ. ಕಾರ್ಖಾನೆ ಎಲ್ಲಿಗೂ ಹೋಗುವುದಿಲ್ಲ. ಯಾರು ಯಾವ ದಿನ ಎಷ್ಟು ಗಂಟೆಗೆ ಒಳಗೆ ಬಂದರು ಅಂತ ಗೇಟಿನ ದಾಖಲೆ ಅವರ ಹತ್ತಿರ ಇದೆ. ಯಾವ ವಿಭಾಗದಲ್ಲಿ ಕೆಲಸ ಮಾಡಿದರು ಅಂತ ಪರ್ಮಿಟ್ ಪುಸ್ತಕದಲ್ಲಿ ಇದೆ. ಆದ್ದರಿಂದ ಗುತ್ತಿಗೆದಾರನ ಪತ್ರಕ್ಕೆ ಕಾರ್ಖಾನೆಯ ವಿಭಾಗದ ಮುಖ್ಯಸ್ಥರು ಮೇಲುಸಹಿ ಮಾಡಲಿ. ಗುತ್ತಿಗೆದಾರ ಸಿಗದೇ ಹೋದರೆ ಕಾರ್ಖಾನೆಯೇ ದಾಖಲೆ ನೋಡಿ ಕೊಡಲಿ. ಅರ್ಜಿ ಕೊಟ್ಟ 15 ದಿನದಲ್ಲಿ ಕೊಡಲಿ, ಕೊಡುವುದಿಲ್ಲವಾದರೆ ಯಾಕೆ ಅಂತ ಬರೆದು ಕೊಡಲಿ. ಇದನ್ನ ಒಂದು ಸೂಚನೆಯಾಗಿ ಎರಡೂ ಜಿಲ್ಲೆಯ ಕಾರ್ಖಾನೆಗಳಿಗೆ ಕಳಿಸಿ. ಕಾರ್ಖಾನೆಗಳ ಜೊತೆ ಸಭೆ ಮಾಡುತ್ತೀರಲ್ಲ, ಆ ಸಭೆಯಲ್ಲಿ ಒಂದು ಸಲ ಈ ಮಾತು ತೆಗೆಯಿರಿ. ಕಾಗದ ಕೇಳಿದವನ ಶಿಫ್ಟ್ ಬದಲಾಗಬಾರದು ಅಂತಲೂ ಹೇಳಿ.

ಇದು ಆಸ್ಟ್ರೇಲಿಯಾಕ್ಕೆ ಹೋಗುವವರ ಸಮಸ್ಯೆ ಮಾತ್ರ ಅಲ್ಲ. ಕೆನಡಾದವರೂ ಕೆಲಸದ ವಿವರ, ಗಂಟೆ, ಸಂಬಳ ಇರುವ ಇಂಥದೇ ಪತ್ರ ಕೇಳುತ್ತಾರೆ. ನಮ್ಮ ಕಡೆ ನರ್ಸಿಂಗ್ ಹೋಮ್‌ಗಳಲ್ಲಿ ಕೈಯಲ್ಲಿ ಸಂಬಳ ತಗೊಂಡು ಆರೇಳು ವರ್ಷ ದುಡಿದ ನರ್ಸ್‌ಗಳಿಗೂ ಇದೇ ಗೋಳು, ನನ್ನ ಹೆಂಡತಿಯ ಅಕ್ಕ ಅವರಲ್ಲಿ ಒಬ್ಬರು. ಹೊರಗೆ ಹೋಗದೆ ಪುಣೆಗೆ, ಜೆಮ್‌ಶೆಡ್‌ಪುರಕ್ಕೆ ಕೆಲಸಕ್ಕೆ ಹೋಗುವವನಿಗೂ ಆ ಪತ್ರ ಬೇಕು.

ಇಲ್ಲೇ ಇರಬಾರದಾ, ಯಾಕೆ ಹೋಗುತ್ತೀಯಾ ಅಂತ ಕೇಳುವವರು ಇದ್ದಾರೆ. ಅಪ್ಪನೇ ಕೇಳುತ್ತಾನೆ. 371ಜೆ ಬಂದಿದೆ, ಕಲ್ಯಾಣ ಕರ್ನಾಟಕ ಅಂತ ಹೆಸರೂ ಬಂದಿದೆ. ಅದರಿಂದ ಓದಿಗೂ ಸರ್ಕಾರಿ ಕೆಲಸಕ್ಕೂ ನಮ್ಮವರಿಗೆ ಅನುಕೂಲ ಆಗಿದೆ, ಇಲ್ಲ ಅನ್ನುವುದಿಲ್ಲ. ಗೇಟಿನ ಒಳಗೆ ಗುತ್ತಿಗೆಯಲ್ಲಿ ಇರುವವನ ತನಕ ಅದು ಬಂದಿಲ್ಲ. ನನಗೆ ಈ ಕೆಲಸ ಇಷ್ಟ. ಫ್ಯಾನ್, ಬೇರಿಂಗ್, ಗೇರ್ ಬಾಕ್ಸ್, ಇವುಗಳ ಸದ್ದು ಕೇಳಿದರೆ ಏನಾಗಿದೆ ಅಂತ ಹೇಳಬಲ್ಲೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಬೆಲೆ ಇರುವ ಕಡೆ ಕೆಲವು ವರ್ಷ ಮಾಡಿ, ಮಗಳನ್ನ ಧೂಳಿಲ್ಲದ ಗಾಳಿಯಲ್ಲಿ ಬೆಳೆಸಬೇಕು ಅಂತ ಆಸೆ. ಇದರಲ್ಲಿ ಯಾರಿಗೂ ಮೋಸ ಇಲ್ಲ. ಹೋಗುವುದು ಬಿಡುವುದು ನನ್ನ ತೀರ್ಮಾನ, ಆ ತೀರ್ಮಾನವನ್ನ ಒಂದು ಕಾಗದ ತಡೆದು ನೀವು ಮಾಡುವುದು ಸರಿ ಅಲ್ಲ.

ನನ್ನ ದಾರಿ ಪೂರ್ತಿ ಮುಚ್ಚಿಲ್ಲ. 491 ಅನ್ನುವ ವೀಸಾಕ್ಕೆ ಅಲ್ಲಿನ ಒಂದು ರಾಜ್ಯ ನಾಮನಿರ್ದೇಶನ ಮಾಡಿದರೆ 15 ಅಂಕ ಸೇರುತ್ತದೆ. ಅದಕ್ಕೂ ಹಾಕಿದ್ದೇನೆ. 2026ರ ಏಪ್ರಿಲ್‌ಗೆ ರೋಲ್‌ನಲ್ಲಿ ಐದು ವರ್ಷ ತುಂಬುತ್ತದೆ, ಆಗ ಇನ್ನೊಂದು 5 ಅಂಕ ಬರಬಹುದು. ಅದಕ್ಕೂ ಇನ್ನೊಂದು ಪತ್ರ ಬೇಕು. ಆ ಪತ್ರದ ಬಗ್ಗೆ ನನಗೆ ಚಿಂತೆ ಇಲ್ಲ, ಈಗಿನ ಮ್ಯಾನೇಜರ್ ಕೊಡುತ್ತಾರೆ. ಚಿಂತೆ ಇರುವುದು ಮೊದಲಿನ ನಾಲ್ಕು ವರ್ಷ ಎಂಟು ತಿಂಗಳಿನದು.

ಆ ಕಾರ್ಖಾನೆಯವರು ಈ ಪತ್ರ ಓದುತ್ತಿದ್ದರೆ ನಾನು ಯಾರು ಅಂತ ಅವರಿಗೆ ಗೊತ್ತಾಗುತ್ತದೆ. ಡ್ರಾಫ್ಟ್ ನನ್ನ ಹತ್ತಿರ ರೆಡಿ ಇದೆ, ಒಂದೂವರೆ ಪುಟ. 2018ರ ಲಾಗ್ ಬುಕ್ ತೆಗೆದು ತಾಳೆ ನೋಡಿ. ತಪ್ಪಿದ್ದ ಕಡೆ ಗೆರೆ ಎಳೆಯಿರಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಉಳಿದದ್ದಕ್ಕೆ ಸಹಿ ಮಾಡಿ. ಸೋಮವಾರ ಮುಂಜಾನೆ ಹತ್ತು ಗಂಟೆಗೆ ಮುಖ್ಯ ಗೇಟಿನ ಹತ್ತಿರ ಇರುತ್ತೇನೆ. ಮೂರೂ ಪಾಸ್ ಜೊತೆಗೆ ತರುತ್ತೇನೆ.

ಇಂತಿ,
ಒಬ್ಬ ಮೇಂಟೆನೆನ್ಸ್ ಎಂಜಿನಿಯರ್
ಕೊಪ್ಪಳ ತಾಲ್ಲೂಕು